ಹಡಗು ಮಂಗಳೂರಿನಲ್ಲಿ, ಚೀಲ ಅರಕಲಗೂಡಿನಲ್ಲಿ

ಹಡಗೊಂದು ಬಂದರಿನಲ್ಲಿ ಒಂದು ಹಗಲು ನಿಂತರೆ ಆ ಹಗಲನ್ನು ಹೇಗೆ ಸದುಪಯೋಗಪಡಿಸಿಕೊಳ್ಳಬೇಕು ಎಂಬ ವಿಷಯದಲ್ಲಿ ನನಗೆ ಬಹಳ ಸ್ಪಷ್ಟವಾದ ಅಭಿಪ್ರಾಯಗಳಿದ್ದವು. ಆಗ ನಾನು ಹಡಗನ್ನೇ ನೋಡಿರಲಿಲ್ಲ!

ನಮ್ಮ ಯಜಮಾನರಿಗೆ ಚನ್ನರಾಯಪಟ್ಟಣದಲ್ಲಿ ಗೋಡೆಗೆ ಹಚ್ಚುವ ಬಣ್ಣದ ಅಂಗಡಿಯಿದೆ. ಆ ವರ್ಷ ಚೆನ್ನಾಗಿ ವ್ಯಾಪಾರ ಮಾಡಿದ ಅಂಗಡಿಯವರನ್ನೆಲ್ಲ ಸಪತ್ನೀಕರಾಗಿ ಹಡಗಿನಲ್ಲಿ ಮುಂಬೈಯಿಂದ ಕೊಚ್ಚಿಗೆ ಕರೆದೊಯ್ದು ಮರಳಿ ಕರೆತರುವುದಾಗಿ ಬಣ್ಣದ ಕಂಪನಿಯು ತಿಳಿಸಿತು. ನಡುವೆ ಮಂಗಳೂರಿನಲ್ಲಿ ಒಂದು ಹಗಲಿನ ನಿಲುಗಡೆ.

ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಬೋಧಿಸುವವಳು. ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ಮೊದಲಿಗಳು. ಆದ್ದರಿಂದ ಯಾರ ಮನೆಯಲ್ಲಿ ಏನೇ ನಡೆಯಬೇಕಾದರೂ, "ಅವಳ್ನ ಒಂದ್ ಮಾತು ಕೇಳ್ರಪ್ಪ, ಓದವ್ಳೆ" ಎನ್ನುತ್ತಾರೆ. ಇಷ್ಟು ನಂಬಿಕೆಯನ್ನು ಹೊತ್ತವರು ನೆಮ್ಮದಿಯಾಗಿರುವುದು ಕಷ್ಟ. ನಾನು ಬಸ್ಸು ಹಿಡಿಯಲು ಹೊರಟರೆ ಅದರ ಹಿಂದಿನ ಬಸ್ಸಿಗೂ ಮೊದಲೇ ಹೋಗಿ ನಿಂತಿರುತ್ತೇನೆ.

ಹಡಗಿನಲ್ಲಿ ನಮ್ಮ ಊಟದ ಮೇಜಿಗೆ ಜೊತೆಯಾದವರು ಗುಜರಾತಿನ ರಾಜ್‌ಕೋಟ್‌ನ ಬಣ್ಣದ ವ್ಯಾಪಾರಿ ಕಾಂತಿಭಾಯಿ ಮತ್ತು ಅವರ ಪತ್ನಿ ಹಂಸಾಬೆನ್. ಇಬ್ಬರೂ ನಮ್ಮ ತಂದೆತಾಯಿಯ ವಯಸ್ಸಿನವರು. ಹಡಗು ಅಲುಗಾಡತೊಡಗಿದ ಕೂಡಲೇ ಕಾಂತಿಭಾಯಿ ಹಾಸಿಗೆ ಹಿಡಿದರು. ಹಂಸಾಬೆನ್ ಮಾತ್ರ ಕಲ್ಲಿನಂತಿದ್ದರು. ಹೊಯ್ಸಳರ ಕೆತ್ತನೆಯನ್ನು ಕ್ಯಾಲೆಂಡರಿನಲ್ಲಿ ಮಾತ್ರ ನೋಡಿದ್ದೇನೆ, ನಿಮ್ಮ ಊರಿನ ಕಡೆಯದಂತೆ, ಹೌದೇ ಎಂದು ಅವರು ನನ್ನನ್ನು ಕೇಳಿದರು.

ಕೇಳಬಾರದಿತ್ತು!

ಹಡಗಿನವರೇ ಮಂಗಳೂರಿನಲ್ಲಿ ಒಂದು ಪ್ರವಾಸ ಏರ್ಪಡಿಸಿದ್ದರು. ದೇವಸ್ಥಾನ, ಕಡಲತೀರ, ಗೇರುಬೀಜದ ಕಾರ್ಖಾನೆ. ಅದಕ್ಕೆ ಹೆಸರು ಬರೆದುಕೊಳ್ಳುತ್ತಿದ್ದ ಹುಡುಗಿ ವಿನಯದಿಂದ ಎಚ್ಚರಿಸಿದಳು: "ಸಂಜೆ ಆರಕ್ಕೆ ಹಡಗು ಹೊರಡುತ್ತದೆ. ನಮ್ಮ ಪ್ರವಾಸದವರು ತಡವಾದರೆ ಹಡಗು ಕಾಯುತ್ತದೆ. ನೀವು ಸ್ವಂತವಾಗಿ ಹೋಗಿ ತಡ ಮಾಡಿದರೆ ಕಾಯುವುದಿಲ್ಲ, ಮೇಡಂ."

ಊರು ಗೊತ್ತಿಲ್ಲದವರಿಗೆ ಹೇಳುವ ಮಾತು ಎಂದು ತಿಳಿದು ನಾನು ಸೌಜನ್ಯದಿಂದ ನಕ್ಕೆ.

ನನ್ನ ಯೋಜನೆಯನ್ನು ಯಜಮಾನರ ಮುಂದೆ ಮಂಡಿಸಿದೆ. ಬೇಲೂರಿನಲ್ಲಿ ಜನಸಂದಣಿ, ನುಗ್ಗೇಹಳ್ಳಿ ದೂರ, ಆದ್ದರಿಂದ ಹಾಸನದ ಬಳಿಯ ಕೊರವಂಗಲದ ದೇವಾಲಯವೇ ಸೂಕ್ತ. ಅಲ್ಲಿಂದ ನನ್ನ ತವರಾದ ದುದ್ದ ಸಮೀಪ. ಅವ್ವನ ಮನೆಯಲ್ಲಿ ಊಟ. ಊಟವಾದ ಕೂಡಲೇ ಹೊರಟರೆ ಸಂಜೆಯೊಳಗೆ ಬಂದರು.

ಯಜಮಾನರು ನನ್ನನ್ನೇ ನೋಡಿದರು. "ಮೇಡಮ್ಮೋರೇ, ಹಾಸನಕ್ಕೆ ಓಗಾಕೆ ಯಾರಾದ್ರೂ ಹಡಗು ಹತ್ತುತಾರಾ? ಮಂಗಳೂರಲ್ಲಿ ಇಳ್ದು ಒಂದೊಂದು ಐಸ್‌ಕ್ರೀಂ ತಿಂದು ಬಂದ್ಬುಡಾನ."

"ಇದು ಅತಿಥಿಯ ಅಪೇಕ್ಷೆ," ಎಂದೆ.

ಕಾಂತಿಭಾಯಿ ಹಾಸಿಗೆಯಿಂದ ತಲೆಯೆತ್ತದೆಯೇ ನನ್ನ ಕೈ ಹಿಡಿದು, "ಬೇಟಿ, ಇವಳನ್ನು ಜೋಪಾನವಾಗಿ ವಾಪಸ್ಸು ಕರೆದುಕೊಂಡು ಬಾ" ಎಂದರು. ನಾನು ಪರೀಕ್ಷೆಗಾಗಿ ಕಲಿತ ಹಿಂದಿಯಲ್ಲಿ, ತಾವು ನಿಶ್ಚಿಂತರಾಗಿರಬೇಕೆಂದು ಕೋರಿದೆ. ಒಬ್ಬರ ಪತ್ನಿಯನ್ನು ಇಷ್ಟು ವಿಧಿವತ್ತಾಗಿ ನಾನು ಹಿಂದೆಂದೂ ವಹಿಸಿಕೊಂಡಿರಲಿಲ್ಲ.

ಮಂಗಳೂರಿನಲ್ಲಿ ಸಿಕ್ಕ ಟ್ಯಾಕ್ಸಿಯ ಚಾಲಕ ಹರೀಶ ನನ್ನ ಯೋಜನೆ ಕೇಳಿ ಮೊದಲು ಇಂಜಿನ್ ಆರಿಸಿದರು. "ಹಾಸನಕ್ಕಾ? ಹೋಗಿ ಸಂಜೆಗೆ ವಾಪಸ್ಸಾ? ಘಾಟಿಯಲ್ಲಿ ಲಾರಿ ಉಂಟು ಮಾರಾಯ್ರೆ!" ಎಂದರು. ಆದರೂ ಬಂದರು. ಆ ಪುಣ್ಯಾತ್ಮರಿಗೆ ನಾನು ಇಂದಿಗೂ ಋಣಿ.

ಬೆಳಗಿನ ಭಾಗ ನನ್ನ ಯೋಜನೆಯಂತೆಯೇ ನಡೆಯಿತು ಎಂಬುದನ್ನು ದಾಖಲಿಸಲು ಬಯಸುತ್ತೇನೆ. ಕೊರವಂಗಲದಲ್ಲಿ ನಮ್ಮ ಹೊರತು ಯಾರೂ ಇರಲಿಲ್ಲ. ಹಂಸಾಬೆನ್ ಚಪ್ಪಲಿ ಬಿಟ್ಟು ಗೋಡೆಯ ಒಂದೊಂದು ಮೂರ್ತಿಯ ಮುಂದೂ ನಿಂತು, ಕೊನೆಗೆ ಬಿಸಿಲಿಗೆ ಕಾದ ಕಲ್ಲಿಗೆ ಕೆನ್ನೆ ತಾಗಿಸಿ ಕಣ್ಣು ಮುಚ್ಚಿದರು. ನಾನು ಯಜಮಾನರತ್ತ ಗೆದ್ದವಳ ನೋಟವನ್ನು ಬೀರಿದೆ. ಅದನ್ನು ಸ್ವಲ್ಪ ತಡೆದಿಟ್ಟುಕೊಳ್ಳಬಹುದಿತ್ತು.

ದುದ್ದದಲ್ಲಿ ಅವ್ವ ಬಾಗಿಲಲ್ಲೇ ಕಾಯುತ್ತಿದ್ದಳು. ಅಂದು ಗುರುವಾರ.

"ಮಗ, ನೀವು ಉಂಡು ಕೈ ತೊಳೆಯಾ ಒತ್ತಿಗೆ ರಾವುಕಾಲ ಬಂದ್ಬುಡ್ತದೆ. ಯಾರೋ ಎತ್ತ ಮಗಳ್ನ ರಾವುಕಾಲದಾಗೆ ಸಮುದ್ರಕ್ಕೆ ಕಳ್ಸಾಕಾಯ್ತದಾ?"

"ಅವ್ವ, ರಾಹುಕಾಲ ಮುಗಿಯುವವರೆಗೆ ಕಾದರೆ ಹಡಗು ಸಿಗುವುದಿಲ್ಲ."

"ಯಾರು ಕಾಯಿ ಅಂದೋರು? ಈಗ್ಲೇ ಪರಸ್ತಾನ ಇಟ್ಬುಟ್ರಾಯ್ತು!"

ಪ್ರಸ್ಥಾನ ಇಡುವುದೆಂದರೆ, ಹೊರಡುವ ಗಳಿಗೆ ಚೆನ್ನಾಗಿಲ್ಲದಿದ್ದಾಗ ಪ್ರಯಾಣಿಕರ ಒಂದು ವಸ್ತುವನ್ನು ಒಳ್ಳೆಯ ಹೊತ್ತಿನಲ್ಲಿಯೇ ಪಕ್ಕದ ಮನೆಯಲ್ಲಿ ಇಟ್ಟುಬರುವುದು. ಆಗ ಪ್ರಯಾಣ ಆರಂಭವಾಗಿಬಿಟ್ಟಿತೆಂದು ಲೆಕ್ಕ. ಆಮೇಲೆ ಯಾವಾಗ ಬೇಕಾದರೂ ಹೋಗಿ ಆ ವಸ್ತುವನ್ನು ಎತ್ತಿಕೊಂಡು ಮುಂದುವರಿಯಬಹುದು. ಅವ್ವನ ನಂಬಿಕೆಯೂ ಉಳಿಯಿತು, ನನ್ನ ವೇಳೆಯೂ ಉಳಿಯಿತು! ಇಂತಹ ವ್ಯವಸ್ಥೆಯನ್ನು ರೂಪಿಸಿದ ಹಿರಿಯರ ಬಗ್ಗೆ ನನಗೆ ಅಪಾರ ಗೌರವ ಮೂಡಿತು.

"ನನ್ ಟವಲ್ ತಗೊಂಡೋಗಿ ಇಡಿ ಅತ್ತೆ," ಎಂದರು ಯಜಮಾನರು, ಹೆಗಲಿನಿಂದ ತೆಗೆದುಕೊಡುತ್ತ.

ಟವಲ್ ಸಾಕಾಗಿತ್ತು. ಓದುಗರು ಇದನ್ನು ದಯವಿಟ್ಟು ಗಮನಿಸಬೇಕು. ಟವಲ್ ಧಾರಾಳವಾಗಿ ಸಾಕಾಗಿತ್ತು!

ಆದರೆ ನಾನು ತಡೆದೆ. "ಪ್ರಯಾಣಿಕರಲ್ಲಿ ಹಿರಿಯರು ಹಂಸಾಬೆನ್. ಅವರ ವಸ್ತುವನ್ನು ಇಡುವುದೇ ಕ್ರಮ," ಎಂದೆ. ಹಂಸಾಬೆನ್‌ಗೆ ಈ ಪ್ರಾಚೀನ ಪರಂಪರೆಯನ್ನು ಹಿಂದಿಯಲ್ಲಿ ವಿವರಿಸಿದೆ. ಅವರು ಸಂತೋಷದಿಂದ ತಮ್ಮ ಕೈಚೀಲವನ್ನು ಕೊಟ್ಟರು. ಅವ್ವ ಅದಕ್ಕೆ ಕುಂಕುಮ ಹಚ್ಚಿ ಪಕ್ಕದ ಮನೆಯ ಗೌರಮ್ಮನಿಗೆ ಒಪ್ಪಿಸಿ ಬಂದಳು.

ಊಟ ಸೊಗಸಾಗಿತ್ತು. ಹಂಸಾಬೆನ್ ಮುದ್ದೆಯನ್ನು ಅಗಿಯಬಾರದೆಂಬುದನ್ನು ಒಂದೇ ತುತ್ತಿನಲ್ಲಿ ಕಲಿತು, ಅವರೆಕಾಳಿನ ಸಾರನ್ನು ಮತ್ತೆ ಹಾಕಿಸಿಕೊಂಡರು. ನಾವು ಸರಿಯಾದ ಸಮಯಕ್ಕೆ ಎದ್ದೆವು. ಸರಿಯಾದ ಸಮಯಕ್ಕೆ ಗೌರಮ್ಮನ ಮನೆಯ ಮುಂದೆ ನಿಂತೆವು. ಬಾಗಿಲಿಗೆ ಬೀಗ!

"ಅಯ್ಯೋ ಶಿವನೇ!" ಎಂದಳು ಅವ್ವ. "ಗೌರಿ ಓಯ್ತೀನಿ ಅಂತಾನೇ ಇದ್ಲು. ಇಷ್ಟು ಬಿರ್ನೆ ಬಸ್ ಬತ್ತದೆ ಅಂತ ಯಾರಿಗ್ ಗೊತ್ತಿತ್ತು?"

"ಎಲ್ಲಿಗೆ ಹೋದರು?"

"ಮೊಮ್ಮಗಳ ಒಪ್ಪುವೀಳ್ಯಕ್ಕೆ." ನಿಶ್ಚಿತಾರ್ಥಕ್ಕೆ ನಮ್ಮ ಕಡೆ ಹಾಗೆನ್ನುತ್ತಾರೆ.

ಹಡಗನ್ನು ಮರಳಿ ಹತ್ತಲು ತೋರಿಸಬೇಕಾದ ಕಾರ್ಡು ಆ ಚೀಲದಲ್ಲಿತ್ತು. ಆಧಾರ್ ಚೀಟಿಯೂ ಅದರಲ್ಲೇ. ಕಿಟಕಿಯಿಂದ ಇಣುಕಿದೆವು. ಒಳಗೆ ಒಂದು ಹಲ್ಲಿ ಮಾತ್ರ ಕಾಣಿಸಿತು. ಚೀಲವಿರಲಿಲ್ಲ.

ಇಂತಹ ಹೊತ್ತಿನಲ್ಲಿ ವಿದ್ಯಾವಂತರು ತರ್ಕವನ್ನು ಆಶ್ರಯಿಸಬೇಕು. ಮೊಮ್ಮಗಳೆಂದರೆ ಮಗಳ ಮಗಳು. ಗೌರಮ್ಮನ ಮಗಳಿರುವುದು ಹೊಳೆನರಸೀಪುರದಲ್ಲಿ. ಆದ್ದರಿಂದ ಚೀಲವೂ ಹೊಳೆನರಸೀಪುರದಲ್ಲಿ! ಅವ್ವ ಇನ್ನೂ ಏನನ್ನೋ ಹೇಳಲು ಬಾಯಿ ತೆರೆಯುತ್ತಿದ್ದಂತೆಯೇ ನಾನು ಕಾರಿನ ಬಾಗಿಲು ಹಾಕಿಕೊಂಡೆ.

ಹೊಳೆನರಸೀಪುರದ ಆ ಮನೆಯ ಬಾಗಿಲಿಗೂ ಬೀಗ. ಇದು ಇನ್ನೂ ದೊಡ್ಡ ಬೀಗ.

ನಾನು ಜಗುಲಿಯ ಮೇಲೆ ಕುಳಿತುಬಿಟ್ಟೆ. ಹಂಸಾಬೆನ್ ಬಂದು ಪಕ್ಕದಲ್ಲಿ ಕುಳಿತು, ಬಹಳ ಸಂಕೋಚದಿಂದ, "ಬೇಟಿ, ನನ್ನ ಫೋನು ಕೂಡ ಅದೇ ಚೀಲದಲ್ಲಿದೆ" ಎಂದರು.

"ಅದೂ ಹೋಯಿತೆ!" ಎಂದು ನಾನು ಮತ್ತಷ್ಟು ದುಃಖಿಸಿದೆ.

ಯಜಮಾನರು ನನ್ನ ಮುಖ ನೋಡಿದರು. "ಲೇ, ಅವ್ರು ಏಳ್ತಾ ಇರೋದು ಅದ್ಕೆ ಫೋನ್ ಮಾಡು ಅಂತ ಕಣೇ!"

ಮಾಡಿದೆ. ಯಾರೋ ಗಂಡಸು ಎತ್ತಿಕೊಂಡರು. "ನಾನು ಕಂಡಕ್ಟ್ರು ಕಣಮ್ಮ. ಈ ಅಜ್ಜಿ ಫೋನ್ ಎತ್ತಾಕೆ ಬರಾಕಿಲ್ಲ ಅಂತ ನನ್ ಕೈಗೆ ಕೊಟ್ಟವ್ರೆ. ಬಸ್ಸಾ? ಅರಕಲಗೂಡು ಬಂದೇ ಬಿಡ್ತು ನೋಡಿ."

ಒಪ್ಪುವೀಳ್ಯ ಗಂಡಿನ ಮನೆಯಲ್ಲಿ. ಗಂಡಿನ ಮನೆ ಅರಕಲಗೂಡಿನಲ್ಲಿ. ಅವ್ವ ಬಾಯಿ ತೆರೆದದ್ದು ಇದನ್ನು ಹೇಳುವುದಕ್ಕೇ ಇರಬೇಕು.

ಅರಕಲಗೂಡಿನ ಆ ಮನೆಯ ಚಪ್ಪರದಡಿ ಗೌರಮ್ಮ ಹಂಸಾಬೆನ್‌ರ ಚೀಲವನ್ನು ಹೆಗಲಿಗೆ ಹಾಕಿಕೊಂಡು ಗಂಭೀರವಾಗಿ ಕುಳಿತಿದ್ದಳು. ನಮ್ಮನ್ನು ಕಂಡು ಅವಳಿಗೆ ಆದ ಸಂತೋಷ ಹೇಳತೀರದು.

"ಗೌರತ್ತೆ, ಚೀಲ ಮನೆಯಲ್ಲಿಟ್ಟು ಬೀಗದ ಕೈಯನ್ನು ಅವ್ವನಿಗೆ ಕೊಡಬಾರದಿತ್ತೆ?"

"ಏನಂತ ಮಾತಾಡೀಯೆ ಮಗ? ಪರಸ್ತಾನ ಇಟ್ಟಿರೋ ಮನೆಗೆ ಬೀಗ ಆಕಿದ್ರೆ ಓಗೋರ ದಾರಿಗೇ ಬೀಗ ಆಕ್ದಂಗೆ ಅಲ್ವಾ? ಅದ್ಕೇ ಜೊತೇಲೇ ತಂದೆ. ನೆಲಕ್ಕೆ ಇಟ್ಟಿಲ್ಲ ಕಣವ್ವ, ಬಸ್ಸಲ್ಲೂ ತೊಡೆ ಮ್ಯಾಲೇ ಮಡಿಕ್ಕಂಡಿದ್ದೆ."

ಇದಕ್ಕೆ ಉತ್ತರ ಕೊಡುವಷ್ಟು ನಾನು ಓದಿಲ್ಲ.

ಅಷ್ಟರಲ್ಲಿ ಚಪ್ಪರದ ಆ ತುದಿಯಿಂದ ಪಿಸುಮಾತು ಹರಡಿತು. "ನೋಡ್ಲಾ, ಎಣ್ಣಿನ ಕಡೇರು ಗುಜರಾತಿಂದೂ ಬಂದವ್ರೆ!" ಗಂಡಿನ ತಂದೆ ಎದ್ದು ಬಂದು ಹಂಸಾಬೆನ್‌ಗೆ ಕೈಮುಗಿದು ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿದರು. ತಕ್ಷಣ ಹೊರಡಬೇಕೆಂದು ನಾನು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅರಿಶಿನ ಕುಂಕುಮ ಬಂತು, ಹೂವು ಬಂತು, ತೆಂಗಿನಕಾಯಿ ಬಂತು. ಆಮೇಲೆ ಎಲೆ ಹಾಕಿದರು. ಹರೀಶ ಅದಾಗಲೇ ಕುಳಿತು ಉಣ್ಣುತ್ತಿದ್ದರು. "ಕೂತ್ಕೊಳ್ಳಿ ಮೇಡಂ, ಒಬ್ಬಟ್ಟು ಒಳ್ಳೇದುಂಟು. ಆರು ಗಂಟೆಗೆ ಬಂದರು ಮುಟ್ಟುವುದು ಇನ್ನು ಹೆಲಿಕಾಪ್ಟರಿಗೂ ಕಷ್ಟ."

ನಾನು ಮೂಲೆಗೆ ಹೋಗಿ ಹಡಗಿನವರಿಗೆ ಕರೆ ಮಾಡಿ, ಅನಿವಾರ್ಯ ಕಾರಣಗಳಿಂದಾಗಿ ತಡವಾಗುವ ಸಂಭವವಿರುತ್ತದೆ ಎಂದು ನಿವೇದಿಸಿದೆ. ಆ ಹುಡುಗಿ ನನಗಿಂತಲೂ ವಿನಯದಿಂದ ಹೇಳಿದಳು: "ಪರವಾಗಿಲ್ಲ ಮೇಡಂ. ನಾಳೆ ಕೊಚ್ಚಿಯಲ್ಲಿ ಹತ್ತಿಕೊಳ್ಳಿ."

ಕಾಂತಿಭಾಯಿಗೆ ತಿಳಿಸುವ ಧೈರ್ಯ ನನಗಿರಲಿಲ್ಲ. ಹಂಸಾಬೆನ್ ತಾವೇ ಫೋನು ತೆಗೆದುಕೊಂಡು ಗುಜರಾತಿಯಲ್ಲಿ ಬಹಳ ಹೊತ್ತು ಮಾತನಾಡಿದರು. ನಡುನಡುವೆ ನಗುತ್ತಿದ್ದರು. ರೋಗಿಯಾದ ಪತಿಗೆ ಆಘಾತವಾಗದಿರಲೆಂದು ಸತ್ಯವನ್ನು ಮುಚ್ಚಿಡುತ್ತಿದ್ದಾರೆ, ಪಾಪ, ಎಂದುಕೊಂಡು ನನ್ನ ಕಣ್ಣು ತುಂಬಿತು.

ಹಡಗು ಆರು ಗಂಟೆಗೆ ಸರಿಯಾಗಿ ಹೊರಟಿತು. ಆಗ ನಾವು ಶಿರಾಡಿ ಘಾಟಿಯಲ್ಲಿ, ಲಾರಿಗಳ ಸಾಲಿನ ಹಿಂದೆ, ಸಮುದ್ರಮಟ್ಟದಿಂದ ಸಾಕಷ್ಟು ಎತ್ತರದಲ್ಲಿದ್ದೆವು! ಯಜಮಾನರು ಬಾಯಿ ಬಿಡಲಿಲ್ಲ. ಹದಿನೈದು ವರ್ಷದ ಸಂಸಾರದಲ್ಲಿ ಅವರು ನನಗೆ ಕೊಟ್ಟ ದೊಡ್ಡ ಉಡುಗೊರೆ ಆ ಮೌನ. ಹರೀಶ ನಮ್ಮನ್ನು ಮಂಗಳೂರಿನಲ್ಲಿ ಬಿಟ್ಟು ಹೋಗದೆ ಕೊಚ್ಚಿಯ ರೈಲಿನ ಡಬ್ಬಿಯವರೆಗೂ ಬಂದು, ಹಂಸಾಬೆನ್‌ಗೆ ಕಿಟಕಿಯ ಪಕ್ಕದ ಜಾಗ ಕೊಡಿಸಿ, ತೆಂಗಿನಕಾಯಿಯನ್ನು ಸೀಟಿನ ಕೆಳಗೆ ಉರುಳದಂತೆ ಇರಿಸಿ ಹೋದರು.

ಕೊಚ್ಚಿಯನ್ನು ನಾವು ಹಡಗಿಗಿಂತ ಮೊದಲೇ ತಲುಪಿದೆವು. ಹಡಗಿಗಾಗಿ ಕಾಯುತ್ತ ದಡದಲ್ಲಿ ನಿಂತ ಪ್ರಯಾಣಿಕರನ್ನು ಬಂದರಿನ ಸಿಬ್ಬಂದಿ ಕುತೂಹಲದಿಂದ ನೋಡಿದರು. ನಾನು ರೈಲಿನಲ್ಲೆಲ್ಲ ಕ್ಷಮಾಪಣೆಯ ಭಾಷಣವೊಂದನ್ನು ಹಿಂದಿಯಲ್ಲಿ ಸಿದ್ಧಪಡಿಸಿಕೊಂಡಿದ್ದೆ. ಹಡಗು ಬಂತು. ಏಣಿ ಇಳಿಯಿತು. ಎಲ್ಲರಿಗಿಂತ ಮೊದಲು ಕಾಂತಿಭಾಯಿ ಇಳಿದು ನೇರವಾಗಿ ನಮ್ಮತ್ತ ಬಂದರು.

"ಆದರಣೀಯ ಮಹೋದಯ, ನಾನು ಅತ್ಯಂತ ಖೇದದಿಂದ..." ಎಂದು ಆರಂಭಿಸಿದೆ.

ಅವರು ಕೈಯೆತ್ತಿ ತಡೆದರು. "ಹುಡುಗಿಯ ಒಪ್ಪುವೀಳ್ಯ ಚೆನ್ನಾಗಿ ಆಯಿತೇ?"

ಹಂಸಾಬೆನ್ ಅರಕಲಗೂಡಿನಿಂದಲೇ ಎಲ್ಲವನ್ನೂ ಹೇಳಿದ್ದರು. ಮುಡಿದ ಹೂವಿನ ಫೋಟೋ, ಎಲೆಯ ಮೇಲಿನ ಒಬ್ಬಟ್ಟಿನ ಫೋಟೋ, ಮೂಲೆಯಲ್ಲಿ ನಿಂತು ಅಳುತ್ತಿದ್ದ ನನ್ನ ಫೋಟೋ, ಎಲ್ಲವೂ ಅವರಿಗೆ ತಲುಪಿದ್ದವು!

"ನೋಡು ಬೇಟಿ," ಎಂದರು ಕಾಂತಿಭಾಯಿ, ನನ್ನ ಎರಡೂ ಕೈ ಹಿಡಿದುಕೊಂಡು. "ಮದುವೆಯಾದಾಗಿನಿಂದ ಎಲ್ಲಿಗೆ ಹೋದರೂ ನನ್ನಿಂದಲೇ ತಡವಾಯಿತೆಂದು ಇವಳು ಬೈಯುತ್ತಿದ್ದಳು. ನಿನ್ನೆ ಇವಳು ಹಡಗನ್ನೇ ತಪ್ಪಿಸಿಕೊಂಡಳು. ಇನ್ನು ಜೀವಮಾನದಲ್ಲಿ ಬಾಯಿ ಬಿಡುವಂತಿಲ್ಲ. ನಿನ್ನ ಉಪಕಾರವನ್ನು ಹೇಗೆ ತೀರಿಸಲಿ?"

ಹಂಸಾಬೆನ್ ಜೋರಾಗಿ ನಕ್ಕು, ಗಂಡನ ತೋಳಿಗೊಂದು ಪೆಟ್ಟು ಕೊಟ್ಟು, ನನ್ನನ್ನು ತಬ್ಬಿಕೊಂಡರು. ಆ ಹೂವಿನ ವಾಸನೆ ಇನ್ನೂ ಹೋಗಿರಲಿಲ್ಲ. ನನ್ನ ಭಾಷಣದಲ್ಲಿ ಎಷ್ಟೋ ಕಠಿಣ ಪದಗಳಿದ್ದವು. ಆಗ ಬೇಕಾಗಿದ್ದ ಒಂದು ಸಣ್ಣ ಪದ ಮಾತ್ರ ಅದರಲ್ಲಿರಲಿಲ್ಲ.

ಸ್ವಲ್ಪ ಹೊತ್ತಿನಲ್ಲಿ ಆ ದಂಪತಿಗಳೂ ಯಜಮಾನರೂ ಕೊಚ್ಚಿ ನೋಡಲು ಹೊರಟರು. ನನ್ನನ್ನೂ ಬಹಳವಾಗಿ ಕರೆದರು. ನಾನು ಸವಿನಯವಾಗಿ ನಿರಾಕರಿಸಿ, ಬಂದರಿನ ಒಂದು ಕಲ್ಲುಬೆಂಚಿನ ಮೇಲೆ ಹಡಗಿಗೆ ಎದುರಾಗಿ ಕುಳಿತೆ. ಮತ್ತೆ ಹತ್ತುವ ಹೊತ್ತಾಗುವವರೆಗೂ ಅದರಿಂದ ಕಣ್ಣು ತೆಗೆಯಲಿಲ್ಲ.

ಕೊಚ್ಚಿಯಲ್ಲಿ ಏನೇನು ನೋಡಿದಿರಿ ಎಂದು ಶಾಲೆಯಲ್ಲಿ ಸಹೋದ್ಯೋಗಿಗಳು ಕೇಳುತ್ತಾರೆ. ಹಡಗು ನೋಡಿದೆ, ಎನ್ನುತ್ತೇನೆ. ಬಹಳ ಚೆನ್ನಾಗಿದೆ. ಅದರ ಎಡಭಾಗದ ಬಗ್ಗೆ ಯಾರಿಗೆ ಯಾವ ಸಂದೇಹವಿದ್ದರೂ ನನ್ನನ್ನು ಕೇಳಬಹುದು.