ತಿಪ್ಪೇಸ್ವಾಮಿ ಎಂಬ ಪ್ರಕ್ರಿಯೆ

ಚಿತ್ರದುರ್ಗದ ನಮ್ಮ ಬೀದಿಯಲ್ಲಿ ಪರಮ ಸತ್ಯವನ್ನು ಬಲ್ಲವನು ನಾನೊಬ್ಬನೇ ಆಗಿದ್ದೆ. ಉಳಿದವರಿಗೆ ಬೇರೆ ಕೆಲಸಗಳಿದ್ದವು. ನಾನು ಕಾಲೇಜಿನಲ್ಲಿ ತತ್ವಶಾಸ್ತ್ರ ಪಾಠ ಹೇಳುತ್ತಿದ್ದೆ. ನನ್ನ ತರಗತಿಯ ಅರ್ಧ ಜನ ಬೇರೆ ವಿಷಯ ಸಿಗದೆ ಬಂದವರು, ಇನ್ನರ್ಧ ಜನ ಬಂದವರೇ ಅಲ್ಲ. ಹೀಗಾಗಿ ನನ್ನ ಜ್ಞಾನವೆಲ್ಲ ಒಳಗೇ ಉಳಿದು, ಯಾರಾದರೂ ಸಿಕ್ಕಾರೇ ಎಂದು ಕಾಯುತ್ತಿತ್ತು.

ಆಗ ನನ್ನ ತಲೆಯಲ್ಲಿದ್ದದ್ದು ಒಂದೇ ಸಿದ್ಧಾಂತ. ಜಗತ್ತಿನಲ್ಲಿ ವಸ್ತುಗಳಿಲ್ಲ, ನಡೆಯುತ್ತಿರುವ ಪ್ರಕ್ರಿಯೆಗಳು ಮಾತ್ರ ಇವೆ. ಯಾವ ಶಕ್ತಿಯೂ ಒಂದರೊಳಗೆ ಅಡಗಿ ಕೂತಿರುವುದಿಲ್ಲ, ಎರಡು ಕೂಡಿದಾಗ ಹುಟ್ಟುತ್ತದೆ. ನೀರೇ ಇಲ್ಲದಿದ್ದರೆ ಉಪ್ಪು ಎಲ್ಲಿ ಕರಗೀತು? ಇದನ್ನು ಊಟದ ಹೊತ್ತಿನಲ್ಲಿ ಹೆಂಡತಿ ನಿರ್ಮಲಳಿಗೆ ಮನಮುಟ್ಟುವಂತೆ ವಿವರಿಸಿದೆ.

"ಹಂಗಾದ್ರೆ ಸಾರಿಗೆ ಉಪ್ಪು ಕಮ್ಮಿ ಆಗಿರೋದು ನನ್ನ ತಪ್ಪಲ್ಲ ಬಿಡ್ರಿ," ಎಂದಳು ಅವಳು. "ಉಣ್ರಿ ಸುಮ್ನೆ."

ಪಕ್ಕದ ಮನೆ ಗಂಗಮ್ಮನವರದು. ಗಂಡನಿಲ್ಲ, ಮಗ ತಿಪ್ಪೇಸ್ವಾಮಿಯೇ ಸರ್ವಸ್ವ. ಲೈನ್‌ಮನ್ ಕೆಲಸ, ತಲೆ ಎತ್ತಿ ಮಾತಾಡದ ಹುಡುಗ. ಅವನಿಗೆ ಬಂದ ಸಂಬಂಧಗಳೆಲ್ಲ ಏನೇನೋ ಕಾರಣಕ್ಕೆ ತಪ್ಪಿಹೋಗಿದ್ದವು. ಈಗ ಹೊಳಲ್ಕೆರೆಯ ಒಂದು ಹೆಣ್ಣು ಒಪ್ಪಿಗೆಯಾಗಿತ್ತು. ಹುಡುಗಿಯನ್ನು ನೋಡಿ ಬಂದ ಮೇಲೆ ತಿಪ್ಪೇಸ್ವಾಮಿ ಕರೆಂಟು ಕಂಬದ ತುದಿಯಲ್ಲೂ ಹಾಡು ಗುನುಗತೊಡಗಿದ್ದ. ಬೀದಿಗೆಲ್ಲ ಅವನ ಪ್ರಾಣದ ಚಿಂತೆ.

ನಮ್ಮ ಕಡೆ ಮಾತು ಗಟ್ಟಿಯಾಗುವ ಮುಂಚೆ ಹೆಣ್ಣಿನವರು ಗಂಡಿನ ಬೀದಿಗೆ ಬಂದು, ನೆರೆಯವರ ಜಗಲಿಯ ಮೇಲೆ ಕೂತು ವಿಚಾರಿಸುತ್ತಾರೆ. ನೆರೆಯವರು "ಒಳ್ಳೆ ಹುಡುಗ, ಕಣ್ಣು ಮುಚ್ಕಂಡು ಕೊಡ್ರಿ" ಎಂದು ಟೀ ಕೊಟ್ಟರೆ ಮದುವೆ. ಮಾತು ಉದ್ದವಾಯಿತೋ, ಒಳಗೇನೋ ಇದೆ ಎಂದು ಅರ್ಥ. ಸಣ್ಣ ಮಕ್ಕಳಿಗೂ ಗೊತ್ತಿರುವ ವಿಷಯ ಇದು.

ಅವತ್ತು ನಿರ್ಮಲ ಹಿಟ್ಟಿನ ಗಿರಣಿಗೆ ಹೊರಟು ನಿಂತವಳು ಬಾಗಿಲಲ್ಲೇ ಎಚ್ಚರಿಸಿದಳು. "ಹೊಳಲ್ಕೆರೆಯವರು ಇವತ್ತು ಬರಬೋದು. ಒಳ್ಳೆ ಹುಡುಗ ಅಂದ್ಬಿಡ್ರಿ. ಅದರ ಮುಂದೆ ಒಂದಕ್ಷರ ಬ್ಯಾಡ!"

"ನಾನೇನು ದಡ್ಡನೇ?" ಎಂದೆ. ಅವಳು ಕಾಳಿನ ಡಬ್ಬಿ ಎತ್ತಿಕೊಂಡು ಹೊರಟಳು.

ಅವಳು ಬೀದಿ ತಿರುಗುತ್ತಿದ್ದಂತೆ ಅವರು ಬಂದರು. ಹುಡುಗಿಯ ತಂದೆ ಚನ್ನಬಸಪ್ಪ, ಜೊತೆಗೆ ಅವರ ಭಾಮೈದ. "ಬರ್ರಿ, ಕುಂತ್ಕಳ್ರಿ," ಎಂದೆ. ಚನ್ನಬಸಪ್ಪ ಗಂಟಲು ಸರಿಮಾಡಿಕೊಂಡು ಕೇಳಿದರು. "ಮೇಷ್ಟ್ರೆ, ಈ ತಿಪ್ಪೇಸ್ವಾಮಿ ಎಂಥ ಹುಡುಗ್ರಿ?"

ಒಳ್ಳೆ ಹುಡುಗ ಎನ್ನಲು ಬಾಯಿ ತೆರೆದೆ. ಆದರೆ ಪ್ರಶ್ನೆ ಎಷ್ಟು ಆಳವಾಗಿತ್ತು! ಇಷ್ಟು ವರ್ಷದಲ್ಲಿ ನನ್ನ ಒಬ್ಬ ವಿದ್ಯಾರ್ಥಿಯೂ ಇಂಥ ಪ್ರಶ್ನೆ ಕೇಳಿರಲಿಲ್ಲ.

"ನೋಡಿ, ಹುಡುಗ ಇಂಥವನೇ ಅಂತ ಹೇಳೋಕಾಗಲ್ಲ," ಎಂದು ಶುರುಮಾಡಿದೆ.

ಇಬ್ಬರೂ ಮುಂದಕ್ಕೆ ಬಾಗಿದರು. ಶ್ರದ್ಧೆ ಎಂದುಕೊಂಡೆ!

"ಕುಡಿಯೋದು ಗಿಡಿಯೋದು ಐತೇನ್ರಿ?"

"ಕುಡಿತ ಮನುಷ್ಯನ ಒಳಗಿರೋ ಗುಣ ಅಲ್ಲ. ಮನುಷ್ಯ, ಬಾಟಲಿ, ಗೆಳೆಯರು ಕೂಡಿದಾಗ ಹುಟ್ಟೋ ಶಕ್ತಿ ಅದು."

"ಅಂದ್ರೆ ಗೆಳೆಯರ ಜೊತಿಗೆ ಕುಡೀತಾನೆ?"

"ಛೆ ಛೆ! ಇಲ್ಲಿ ತನಕ ಬಾಟಲಿ ಸಿಕ್ಕಿಲ್ಲ, ಅಷ್ಟೇ."

ಚನ್ನಬಸಪ್ಪ ಮುಖ ಒರೆಸಿಕೊಂಡರು. "ಕೆಲಸನಾರ ಪರ್ಮನೆಂಟ್ ಐತಲ್ರಿ?"

"ಈ ಜಗತ್ತಲ್ಲಿ ಯಾವುದು ಪರ್ಮನೆಂಟ್ ಹೇಳಿ?" ಎಂದು ನಕ್ಕೆ. ಅವರು ನಗಲಿಲ್ಲ.

"ಆರೋಗ್ಯ?" ಎಂದ ಭಾಮೈದ, ದನಿ ತಗ್ಗಿಸಿ.

ನಾನೂ ದನಿ ತಗ್ಗಿಸಿದೆ. ಇದು ಸಿದ್ಧಾಂತದ ಶಿಖರ. "ನೀವು ಮೊನ್ನೆ ನೋಡಿದ ತಿಪ್ಪೇಸ್ವಾಮಿ ಈಗಿಲ್ಲ. ಕ್ಷಣಕ್ಷಣಕ್ಕೂ ಇಲ್ಲವಾಗ್ತಾನೆ, ಮತ್ತೆ ಹುಟ್ತಾನೆ!"

"ಬಾವ, ಮೂರ್ಛೆ ರೋಗ," ಎಂದು ಭಾಮೈದ ಪಿಸುಗುಟ್ಟಿದ. "ಏಳು, ಹೋಗಾಣ."

ಟೀ ಕುಡಿಯದೆಯೇ ಎದ್ದರು. ಪಾಠ ನಾಟಿತು ಎಂದು ನಾನು ಹಿಗ್ಗಿದೆ.

ಸಂಜೆಯೊಳಗೆ ಹೊಳಲ್ಕೆರೆಯಿಂದ ಸುದ್ದಿ ಬಂತು, ಸಂಬಂಧ ಬೇಡವಂತೆ. ಹುಡುಗ ಕುಡುಕ, ಕೆಲಸ ಹೋಗುವುದರಲ್ಲಿದೆ, ಮೂರ್ಛೆ ಬೇರೆ. ಕಂಬದ ಮೇಲೆ ಮೂರ್ಛೆ ಬಂದರೆ ಹುಡುಗಿಯ ಗತಿಯೇನು? ಗಂಗಮ್ಮ ನಮ್ಮ ಅಡುಗೆಮನೆಯಲ್ಲಿ ಕೂತು ಸೆರಗು ಬಾಯಿಗೊತ್ತಿಕೊಂಡು ಅತ್ತರು. "ನನ್ನ ಮಗ ನಿಮಗೇನು ಮಾಡಿದ್ದ ಮೇಷ್ಟ್ರೆ?" ಎಂದರು. ನನಗೆ ನಿಜವಾಗಿಯೂ ನಾಚಿಕೆಯಾಯಿತು. ತಿಪ್ಪೇಸ್ವಾಮಿ ತಲೆ ತಗ್ಗಿಸಿ ಮನೆಯೊಳಗೆ ಹೋದ. ಹಾಡು ಮಾತ್ರ ನಿಂತಿತ್ತು.

ನಿರ್ಮಲ ನನ್ನೊಡನೆ ಮಾತು ಬಿಟ್ಟಳು. ಬಿಡುವ ಮುಂಚೆ ಎಲ್ಲವನ್ನೂ ಆಡಿಯೇ ಬಿಟ್ಟಳು.

ಕೆಡಿಸಿದವನೇ ಸರಿಪಡಿಸಬೇಕಲ್ಲವೇ? ಬೆಳಿಗ್ಗೆ ಯಾರಿಗೂ ಹೇಳದೆ ಹೊಳಲ್ಕೆರೆ ಬಸ್ಸು ಹತ್ತಿದೆ. ಈ ಸಲ ಬೇರೆ ಸಿದ್ಧಾಂತ ಒಯ್ದಿದ್ದೆ. ಯಾವ ಮಾತು ಬಾಳಿನಲ್ಲಿ ಕೆಲಸಕ್ಕೆ ಬರುತ್ತದೋ ಅದೇ ಸತ್ಯ. ಎಷ್ಟು ಸರಳ, ಹಳ್ಳಿಯವರಿಗೂ ತಿಳಿಯುವಂಥದ್ದು!

"ಚನ್ನಬಸಪ್ಪನವರೇ, ಹುಡುಗ ಒಳ್ಳೆಯವನೋ ಕೆಟ್ಟವನೋ ಅಂತ ಮೊದಲೇ ಕೇಳೋದೇ ತಪ್ಪು," ಎಂದೆ. "ಮಗಳನ್ನ ಕೊಟ್ಟು ನೋಡಿ. ಸಂಸಾರ ನಡೆದರೆ ಒಳ್ಳೆಯವನು. ನಡೀದಿದ್ರೆ ಅಲ್ಲ."

ಅವರು ಎದ್ದು ನಿಂತರು. "ನನ್ನ ಮಗಳೇನು ಬಿತ್ತನೆ ಶೇಂಗಾನೇನ್ರಿ, ಮೊಳಕೆ ಬರ್ತತೋ ಇಲ್ವೋ ಅಂತ ಮಣ್ಣಿಗೆ ಹಾಕಿ ನೋಡಾಕೆ? ನಡೀರಿ ಆಚೆ!"

ನಡೆದೆ. ಮರುಬಸ್ಸಿಗೆ ವಾಪಸ್ಸು.

ಆದರೆ ಅದಾದ ಮೇಲೆ ಚನ್ನಬಸಪ್ಪ ಒಂದು ಕೆಲಸ ಮಾಡಿದರು. ನಾನು ಕಾಲೇಜಿನಲ್ಲಿದ್ದಾಗ ಮತ್ತೆ ನಮ್ಮ ಬೀದಿಗೆ ಬಂದು, ಈ ಸಲ ಹುಡುಗನನ್ನು ಬಿಟ್ಟು ನನ್ನ ಬಗ್ಗೆ ವಿಚಾರಿಸಿದರು! ಎದುರು ಮನೆಯವರು, ಅಂಗಡಿಯವರು, ಇಸ್ತ್ರಿಯವರು ಎಲ್ಲರದೂ ಒಂದೇ ಮಾತು: "ಓದಿ ಓದಿ ತಲೆ ಕೆಟ್ಟೈತೆ, ಅವರ ಮಾತು ಹಿಡೀಬ್ಯಾಡ್ರಿ." ಕೊನೆಗೆ ನಮ್ಮ ಜಗಲಿಗೂ ಬಂದರಂತೆ. ನಿರ್ಮಲ ಮಂಡಕ್ಕಿ ಕೊಟ್ಟು, ಕಣ್ಣೀರು ಸಹ ತಂದುಕೊಂಡು, "ನನ್ನ ಹಣೇಬರ, ಏನು ಮಾಡ್ಲಿ ಅಣ್ಣ?" ಎಂದಳಂತೆ. ನಾನು ಹೇಳಿದ್ದೆಲ್ಲ ಸುಳ್ಳೆಂದು ಖಾತ್ರಿಯಾಯಿತು. ಮದುವೆ ಗಟ್ಟಿಯಾಯಿತು!

"ಕಟ್ಟಿಕೊಂಡ ಗಂಡನ್ನೇ ಹುಚ್ಚ ಅಂದೆಯಾ?" ಎಂದು ಗುಡುಗಿದೆ.

"ಅಂದೆ. ಕೆಲಸ ಆಯ್ತೋ ಇಲ್ವೋ?"

ಆಯಿತಲ್ಲ! ಕೆಲಸಕ್ಕೆ ಬಂದದ್ದೇ ಸತ್ಯ. ಅಲ್ಲವೆನ್ನಲು ನನ್ನ ಸಿದ್ಧಾಂತವೇ ಬಿಡಲಿಲ್ಲ.

ಮದುವೆಯ ದಿನ ಗಂಗಮ್ಮ ನಗುನಗುತ್ತಾ ಓಡಾಡುತ್ತಿದ್ದರು. ಊಟಕ್ಕೆ ಚನ್ನಬಸಪ್ಪನವರೇ ನನ್ನನ್ನು ಕೈಹಿಡಿದು ಕರೆದೊಯ್ದು, ಪಂಕ್ತಿಯ ತುದಿಯಲ್ಲಿ ಕೂರಿಸಿದರು. ಬಡಿಸುವವನ ಕಿವಿಯಲ್ಲಿ ಏನೋ ಹೇಳಿದರು. ನನ್ನ ಎಲೆಗೆ ಮಿಕ್ಕವರಿಗಿಂತ ಹೆಚ್ಚು ಹೋಳಿಗೆ ಬಿತ್ತು. ಗೌರವವೇ ಇರಬೇಕೆಂದು ಸಮಾಧಾನ ಮಾಡಿಕೊಂಡು, ತುಪ್ಪ ಕೇಳೋಣವೆಂದು ಬಾಯಿ ತೆರೆದೆ.

ಬಡಿಸುವವನು ತುಪ್ಪದ ಗಿಂಡಿ ಅಲ್ಲೇ ಬಿಟ್ಟು ಓಡಿಹೋದ!