ಆರುನೂರ ಹನ್ನೆರಡು ಗುರುತುಗಳು

ಅಂದು ಬೆಳಿಗ್ಗೆ ಅಡಿಪಟ್ಟಿ ಮಾಡಿದ ತಪ್ಪು ಒಂದೇ. "ಇದ್ರಲ್ಲಿ ಸ್ಕೇಲ್ ಎಲ್ಲಿ ಹಾಕೋದು?" ಎಂದು ಆಫೀಸಿನಲ್ಲಿ ಗಟ್ಟಿಯಾಗಿ ಕೇಳಿಬಿಟ್ಟ. ಬೇಲಿ ಮೇಲಿದ್ದ ಓತಿಕ್ಯಾತವನ್ನು ಕರೆದು ಮೈಮೇಲೆ ಬಿಟ್ಟುಕೊಂಡ ಹಾಗಾಯಿತು.

ಕಟ್ಟಡದ ನಕ್ಷೆ ನೋಡಿ ಎಷ್ಟು ನೆಲ, ಎಷ್ಟು ಗೋಡೆ ಎಂದು ಅಳೆದು ಹೇಳುವುದು ಅವನ ಕೆಲಸ. ಇಪ್ಪತ್ತು ವರ್ಷದಿಂದ ಒಂದೇ ಮರದ ಅಡಿಪಟ್ಟಿ ಹಿಡಿದು ಅಳೆದದ್ದರಿಂದ ಆ ಹೆಸರೇ ಅಂಟಿಕೊಂಡಿತ್ತು. ಯೋಚನೆ ಮಾಡುವಾಗ ಅದರ ತುದಿ ಕಚ್ಚುವ ಚಟ ಬೇರೆ. ಆ ತುದಿ ಇಲಿ ಕಚ್ಚಿದ ಸೋಪಿನಂತೆ ಕಾಣುತ್ತಿತ್ತು.

ಆ ದಿನ ಯಜಮಾನರು ಬಂದವರೇ, "ಇವತ್ತಿಂದ ಕಾಗದ ಇಲ್ಲ, ಪಟ್ಟಿ ಇಲ್ಲ. ಎಲ್ಲಾ ಅಳತೆ ಪಿಡಿಎಫ್ ಮೇಲೇ, ಕಂಪ್ಯೂಟರಲ್ಲೇ" ಎಂದು ಎಲ್ಲರ ಪಟ್ಟಿಗಳನ್ನೂ ಕಿತ್ತು ತಮ್ಮ ಡ್ರಾಯರಿಗೆ ಹಾಕಿ ಬೀಗ ಜಡಿದರು. ಅಡಿಪಟ್ಟಿ ಒಂದು ಪ್ಲಾಸ್ಟಿಕ್ ಪಟ್ಟಿ ಒಪ್ಪಿಸಿ, ಮರದ್ದನ್ನು ಅಂಗಿಯ ತೋಳಿನೊಳಗೆ ಜಾರಿಸಿಕೊಂಡ. ಅವನ ಪಾಲಿಗೆ ಬಂದದ್ದು ಒಂದು ಗ್ರಂಥಾಲಯ. ಹನ್ನೆರಡು ಕೋಣೆಗಳ ನೆಲದ ಅಳತೆ ಸಂಜೆ ಐದಕ್ಕೆ ಕೊಡಬೇಕು.

ಆರಕ್ಕೆ ಮಗಳ ಶಾಲೆಯ ನಾಟಕ. ಮಗಳು ಸಿಂಹ. ಸಿಂಹದ ಬಾಲ ಅಪ್ಪನ ಚೀಲದಲ್ಲಿ. ಬರುವ ದಾರಿಯಲ್ಲಿ ದರ್ಜಿಯಿಂದ ಇಸಕೊಂಡಿದ್ದ. ಹೋದ ವರ್ಷ ಅವಳು ಮೊಲವಾಗಿದ್ದಾಗ ಇವನು ತಲುಪುವ ಹೊತ್ತಿಗೆ ಪರದೆ ಬಿದ್ದಿತ್ತು. ಅದರ ಹಿಂದಿನ ವರ್ಷ ಮರವಾಗಿದ್ದಳು. ಮರ ಕಡಿದಾದ ಮೇಲೆ ಇವನು ಬಂದಿದ್ದ. "ಈ ಸಲ ನೀವು ಬರದಿದ್ರೂ ನಡೆಯುತ್ತೆ, ಬಾಲ ಬರಲೇಬೇಕು" ಎಂದು ಹೆಂಡತಿ ಬಾಗಿಲಲ್ಲೇ ಹೇಳಿ ಕಳಿಸಿದ್ದಳು.

ಪ್ರಶ್ನೆ ಕೇಳಿದ್ದೇ ತಡ, ನೀರಿನ ಕೊಳವೆಗಳ ನಕ್ಷೆ ಬರೆಯುವ ಪೈಪಣ್ಣ ಓಡಿ ಬಂದ. "ಸ್ವಲ್ಪ ಏಳಿ, ತೋರಿಸ್ತೀನಿ. ಗೊತ್ತಿರೋ ಒಂದು ಉದ್ದ ಹಿಡ್ಕೋಬೇಕು. ಈ ಬಾಗಿಲು ಹಿಡೀರಿ, ಒಂಬೈನೂರು ಅಂತ ಒತ್ತಿ. ಮುಗೀತು!"

ಒಂಬೈನೂರು ಮಿಲಿಮೀಟರು. ಕಂಪ್ಯೂಟರು ಕೇಳುತ್ತಿದ್ದದ್ದು ಮೀಟರು. ಕಾವಲುಗಾರನ ಕೋಣೆ ಎರಡು ಸಾವಿರ ಎಕರೆ ಚಿಲ್ಲರೆ ಬಂತು.

"ಅಣ್ಣಾ, ಕಾವಲುಗಾರನಿಗೆ ತನ್ನ ಕೋಣೆ ಗುಡಿಸೋಕೆ ಕುದುರೆ ಬೇಕಾಗುತ್ತಲ್ಲ!"

"ಪರವಾಗಿಲ್ಲ, ಇನ್ನೊಂದು ಟಿಪ್ ಇದೆ" ಎಂದ ಪೈಪಣ್ಣ, ಏಳದೆ.

ಅವನನ್ನು ಎಬ್ಬಿಸಿದ್ದು ಬಣ್ಣದಕ್ಕ. ಅವಳ ನಕ್ಷೆಗಳಲ್ಲಿ ಇಲ್ಲದ ಬಣ್ಣವಿಲ್ಲ. "ಮೊದಲು ಪ್ರತಿ ಕೋಣೆಗೂ ಒಂದು ಬಣ್ಣ ಕೊಟ್ಟು, ಪರದೆ ಪಕ್ಕದ ಈ ಬಣ್ಣದ ಪೆಟ್ಟಿಗೆಯಲ್ಲಿ ಉಳಿಸಿಡ್ಬೇಕು ಕಣಪ್ಪ. ಆಮೇಲೆ ಅಳೆಯೋದು ನೀರು ಕುಡಿದಷ್ಟು ಸಲೀಸು." ಓದುವ ಕೋಣೆಗೆ ತಿಳಿಹಸಿರೋ ಗಿಳಿಹಸಿರೋ ಎಂಬ ಚರ್ಚೆಯಲ್ಲಿ ಊಟದ ಹೊತ್ತು ಮುಗಿಯಿತು.

ಆಮೇಲೆ ಬಂದವನು ಶಾರ್ಟ್‌ಕಟ್. ಲಿಫ್ಟು ವಿಭಾಗದವನು, ಮೌಸ್ ಮುಟ್ಟುವವರನ್ನು ಕಂಡರೆ ಅವನಿಗೆ ಮರುಕ. "ಒಂದು ಗುರುತು ಹಾಕಿ, ಈ ಎರಡು ಕೀಲಿ ಒತ್ತಿದ್ರೆ ಎಲ್ಲಾ ಪುಟಕ್ಕೂ ಹೋಗುತ್ತೆ ನೋಡಿ" ಎಂದು ಒತ್ತಿದ. ಹೋಯಿತು. ನಲವತ್ತೆರಡು ಪುಟಗಳ ತುಂಬ ಮೋಡದಾಕಾರದ ಕೆಂಪು ಗುರುತುಗಳು ಕವಿದುಕೊಂಡವು. ತೆಗೆಯುವ ಕೀಲಿ ಯಾವುದೆಂದು ಮೂವರೂ ಜಗಳಕ್ಕೆ ಬಿದ್ದರು.

ಗಂಟೆ ನಾಲ್ಕು ಕಾಲು. ಅಡಿಪಟ್ಟಿಗೆ ಅಳು ಬರುವಂತಾಯಿತು. ಮೆಲ್ಲಗೆ ಎದ್ದು, ಕಪಾಟಿನಿಂದ ಅದೇ ಗ್ರಂಥಾಲಯದ ಕಾಗದದ ನಕ್ಷೆ ಎಳೆದುಕೊಂಡು ತಾರಸಿಯ ಮೆಟ್ಟಿಲಿಗೆ ಹೋಗಿ ಕುಳಿತ. ತೋಳಿನಿಂದ ಮರದ ಪಟ್ಟಿ ತೆಗೆದು, ಕಚ್ಚಿ, ಅಳೆದು, ಕೂಡಿದ. ಸಾವಿರದ ನೂರ ಎಂಬತ್ತನಾಲ್ಕು ಚದರ ಮೀಟರು. ಪಟ್ಟಿಯನ್ನು ಚೀಲಕ್ಕೆ ತುರುಕಿ, ಇಳಿದು ಬಂದು, ಮೋಡಗಳ ನಡುವೆ ಆ ಸಂಖ್ಯೆ ಬರೆದು ಐದಕ್ಕೆ ಐದು ನಿಮಿಷ ಇರುವಾಗ ಕಳಿಸಿಬಿಟ್ಟ.

ಚೀಲ ಹೆಗಲಿಗೇರಿಸಿ ಬಾಗಿಲ ಹತ್ತಿರ ಬರುವಷ್ಟರಲ್ಲಿ ಯಜಮಾನರು ಅಡ್ಡ ಬಂದರು.

"ಭಲೆ! ಗುರುತುಗಳ ಲಿಸ್ಟ್ ತೆಗೆದು ನೋಡ್ದೆ. ಆರುನೂರ ಹನ್ನೆರಡು ಗುರುತು, ಎಲ್ಲಾ ನಿಮ್ಮ ಹೆಸರಲ್ಲಿ! ಲೆಕ್ಕಾನೂ ಕರಾರುವಾಕ್ಕು!"

ಅವನ ಕಂಪ್ಯೂಟರಿನಲ್ಲಿ ಯಾರು ಗೀಚಿದರೂ ಅವನ ಹೆಸರೇ ದಾಖಲಾಗುತ್ತದೆಂದು ಆಗಲೇ ಅವನಿಗೆ ತಿಳಿದದ್ದು. ಮೊಸರು ತಿಂದವರು ಮೂವರು, ಒರೆಸಿದ್ದು ಇವನ ಬಾಯಿಗೆ.

"ಸಾರ್, ಅದು ನಾನೊಬ್ನೇ ಅಲ್ಲ..."

"ನೋಡಿ, ಎಷ್ಟು ವಿನಯ! ಐದೂಕಾಲಿಗೆ ಎಲ್ಲರಿಗೂ ಟಿಪ್ಸ್ ಹೇಳ್ಕೊಡಿ. ನಂಗೆ ಬೇರೆ ಕಡೆ ಹೋಗೋದಿದೆ, ನಾನಿರಲ್ಲ."

ನಿಜ ಹೇಳಿದರೆ ಮರದ ಪಟ್ಟಿಯ ಗುಟ್ಟು ಹೊರಬೀಳುತ್ತದೆ. ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಹೋಗಿ ದೊಡ್ಡ ಪರದೆಯ ಮುಂದೆ ನಿಂತ. ಮುಂದಿನ ಸಾಲಿನಲ್ಲಿ ಅದೇ ಮೂವರು. ಪರದೆಗೆ ಬೆರಳು ತಾಗಿಸಿದಾಗ ಬಣ್ಣದಕ್ಕ, "ಕಲೆ ಆಗುತ್ತೆ, ಏನಾದ್ರೂ ಹಿಡ್ಕೊಂಡು ತೋರಿಸಪ್ಪ" ಎಂದಳು. ಚೀಲಕ್ಕೆ ಕೈ ಹಾಕಿದ. ಪಟ್ಟಿ ತೆಗೆಯುವಂತಿಲ್ಲ. ಬಾಲ ತೆಗೆದ.

"ಮೊದಲನೇ ಟಿಪ್..." ಎಂದು ಬಾಲದ ತುದಿಯನ್ನು ಸ್ಕೇಲಿನ ಗುಂಡಿಯ ಮೇಲೆ ಇಟ್ಟನೋ ಇಲ್ಲವೋ, ಪೈಪಣ್ಣ ತಡೆಯಲಾರದೆ ಎದ್ದು ಬಂದ. "ಅದು ಹಾಗಲ್ಲ. ಸ್ವಲ್ಪ ಸರೀರಿ, ನಾನು ತೋರಿಸ್ತೀನಿ."

ಆ ಮಾತು ಅಡಿಪಟ್ಟಿಗೆ ಅಷ್ಟು ಸಿಹಿಯಾಗಿ ಎಂದೂ ಕೇಳಿಸಿರಲಿಲ್ಲ. ಕೈಯಲ್ಲಿದ್ದದ್ದನ್ನು ಪೈಪಣ್ಣನಿಗೆ ಕೊಟ್ಟು, ಚೀಲ ಎತ್ತಿಕೊಂಡು ಓಟ ಕಿತ್ತ. ಶಾಲೆ ತಲುಪಿದಾಗ ಆರಕ್ಕೆ ಎರಡು ನಿಮಿಷ. ಮೂರು ವರ್ಷದಲ್ಲಿ ಮೊದಲ ಸಲ ಪರದೆ ಏಳುವ ಮುನ್ನ ಬಂದಿದ್ದ!

"ಅಪ್ಪಾ, ಬಾಲ!" ಎಂದಿತು ಸಿಂಹ.

ಚೀಲಕ್ಕೆ ಕೈ ಹಾಕಿದ. ಸಿಕ್ಕಿದ್ದು ಮರದ ಪಟ್ಟಿ. ಹೆಂಡತಿ ಒಂದು ಸಲ ಅವನನ್ನೂ ಒಂದು ಸಲ ಪಟ್ಟಿಯನ್ನೂ ನೋಡಿದಳು. "ದಿನವೆಲ್ಲಾ ಅಳೀತೀರಿ, ಒಂದು ಬಾಲ ತರೋಕಾಗ್ಲಿಲ್ವಾ?" ಎಂದವಳೇ ಅದನ್ನು ಕಿತ್ತುಕೊಂಡು ದಾರ ಸುತ್ತಿ ಕಟ್ಟಿದಳು. ನಾಯಿಬಾಲ ನೆಟ್ಟಗಾಗದಿದ್ದರೇನು, ಸಿಂಹದ ಬಾಲ ಅಂದು ಹನ್ನೆರಡಂಗುಲ ನೆಟ್ಟಗಿತ್ತು.

ಸಿಂಹ ಗರ್ಜಿಸಿತು, ಸಭೆ ಚಪ್ಪಾಳೆ ತಟ್ಟಿತು. ಅಪ್ಪನ ಕಣ್ಣು ಒದ್ದೆಯಾಯಿತು. ಸಿಂಹ ಠೀವಿಯಿಂದ ತಿರುಗಿ, ಮುಂದಿನ ಸಾಲಿನ ಮುಖಕ್ಕೆ ನೇರವಾಗಿ ಬಾಲ ಅಲ್ಲಾಡಿಸಿತು. ಅಲ್ಲಿ ಕುಳಿತಿದ್ದ, ಈ ವರ್ಷ ಮೊಲವಾಗಿದ್ದ ಮಗುವಿನ ಅಜ್ಜ ಕನ್ನಡಕ ಏರಿಸಿಕೊಂಡು ಬಾಗಿ, ಬಾಲದ ತುದಿಯ ಹಲ್ಲಿನ ಗುರುತುಗಳನ್ನು ನಿಧಾನವಾಗಿ ನೋಡಿದರು. ಆಮೇಲೆ ಹಿಂತಿರುಗಿ ಸಿಂಹದ ಅಪ್ಪನನ್ನು ನೋಡಿದರು. ಯಜಮಾನರು!

"ಆರುನೂರ ಹದಿಮೂರನೇ ಗುರುತು ಸಿಕ್ತು" ಎಂದರು. "ನಾಳೆಯಿಂದ ಒಂದು ವಾರ, ದಿನಾ ಎಂಟು ಗಂಟೆಗೆ ಕ್ಲಾಸು. ನೀವು ಮುಂದಿನ ಸಾಲಲ್ಲಿ ಕೂತು ಕಲೀರಿ. ಹೇಳ್ಕೊಡೋದು ಪೈಪಣ್ಣ."