ಹನ್ನೊಂದನೇ ಜಿಲ್ಲೆಯ ದನಗಳು

ಖಾಲಿ ಇರುವುದನ್ನು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಇದನ್ನು ಬಹಳ ವರ್ಷ ನಾನು ಒಳ್ಳೆಯ ಗುಣ ಎಂದೇ ನಂಬಿದ್ದೆ. ಪಕ್ಕದ ಮನೆಯವರು ಡಬ್ಬಿಯಲ್ಲಿ ಏನಾದರೂ ಕೊಟ್ಟರೆ ಅದನ್ನು ಬರೀ ತೊಳೆದು ಹಿಂದಿರುಗಿಸಿದವಳಲ್ಲ. ಬೇರೇನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕೊಡುವುದು ನಮ್ಮ ಗದಗಿನ ಕಡೆಯ ಪದ್ಧತಿ. ಉಣ್ಣಲು ಕುಳಿತವರ ತಾಟಿನಲ್ಲಿ ಒಂದು ಮೂಲೆ ಬರಿದಾಗಿ ಕಂಡರೆ ಅಲ್ಲಿ ಚಟ್ನಿಪುಡಿ ಬೀಳುತ್ತದೆ. ನಾಲ್ಕು ಮಂದಿ ಕೂತಲ್ಲಿ ಮಾತು ನಿಂತರೆ ಆ ಸಂದಿಗೆ ನನ್ನದೇ ಒಂದು ಮಾತು. ಈ ಗುಣ ಒಂದು ದಿನ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿ, ಆಫ್ರಿಕದ ದನಗಳ ಸಂಖ್ಯೆಯನ್ನು ಏರಿಸಿ, ಒಡಹುಟ್ಟಿದ ತಂಗಿಯ ವರ್ಷಗಟ್ಟಲೆ ದುಡಿಮೆಯ ಮೇಲೆ ಕಲ್ಲು ಹಾಕೀತು ಎಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಈಗ ನಂಬುತ್ತೇನೆ. ಏಕೆಂದರೆ ಅದನ್ನು ಮಾಡಿದವಳು ನಾನೇ.

ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು. ಅವ್ವನಿಗೆ ಕಾಯಿಲೆ, ತೊಟ್ಟಿಲಲ್ಲಿ ತಂಗಿ ಸುಧಾ. ಅವಳನ್ನು ಸೊಂಟಕ್ಕೆ ಎತ್ತಿಕೊಂಡವಳು ಮತ್ತೆ ಪಾಟಿ ಚೀಲ ಎತ್ತಿಕೊಳ್ಳಲಿಲ್ಲ. ಸುಧಾ ಮಾತ್ರ ನನ್ನ ಪಾಲಿನ ಶಾಲೆಯನ್ನೂ ಸೇರಿಸಿ ಓದಿದಳು ಎಂದು ಕಾಣುತ್ತದೆ. ಓದು ಮುಗಿಯುವುದೇ ಇಲ್ಲ. ಅವಳ ಗಂಡ ಗಿರೀಶ ಕಂಪ್ಯೂಟರ್ ಇಂಜಿನಿಯರ್. ಜರ್ಮನಿಯವರು ಹೊರಗಿನ ಕಂಪ್ಯೂಟರ್ ಮಂದಿಯನ್ನು ಗ್ರೀನ್ ಕಾರ್ಡ್ ಕೊಟ್ಟು ಕರೆಯುತ್ತಿದ್ದ ಕಾಲ ಅದು. ಗಿರೀಶನೂ ಹಾಗೆ ಹೋದವನು. ಕಾರ್ಡ್ ತೋರಿಸು ಎಂದಾಗ ಪಾಸ್‌ಪೋರ್ಟಿನೊಳಗೆ ಅಂಟಿಸಿದ ಒಂದು ಚೀಟಿ ತೋರಿಸಿದ. ನನಗೆ ಸ್ವಲ್ಪ ನಿರಾಸೆಯೇ ಆಯಿತು. ಅವನು ದಿನಾ ರೈಲಿನಲ್ಲಿ ಡ್ಯೂಸೆಲ್‌ಡಾರ್ಫಿಗೆ ಹೋಗಿ ಬರುತ್ತಿದ್ದ. ಮನೆ ಮಾಡಿದ್ದು ಬಾನ್ ಊರಿನಲ್ಲಿ, ಸುಧಾಳ ಸಂಶೋಧನೆಗೆ ಹತ್ತಿರವಾಗಲಿ ಎಂದು. ಅವಳಿಗೆ ಏಳನೇ ತಿಂಗಳು ತುಂಬಿದಾಗ ಬಾಣಂತನಕ್ಕೆಂದು ನಾನು ಅಳವಿ, ಅಂಟು, ಒಣಕೊಬ್ಬರಿ ಕಟ್ಟಿಕೊಂಡು ಬಂದಿಳಿದೆ.

ಬಂದ ವಾರದಲ್ಲೇ ಉಂಡಿ ಕಟ್ಟಿ ಕೆಳಗಿನ ಮನೆಯ ಮುದುಕಿಗೆ ಒಂದು ಡಬ್ಬಿ ಕೊಟ್ಟೆ. ಮರುದಿನ ಆಕೆ ಡಬ್ಬಿ ತಂದುಕೊಟ್ಟಳು, ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಒಳಗೆ ಏನೂ ಇಲ್ಲ. ಉಂಡಿ ರುಚಿ ಹತ್ತಲಿಲ್ಲವೇನೋ ಎಂದು ನಾನು ಮುಖ ಸಪ್ಪಗೆ ಮಾಡಿಕೊಂಡೆ. ಸುಧಾ ನಕ್ಕು, "ಅಕ್ಕಾ, ಇಲ್ಲಿ ಖಾಲಿ ಡಬ್ಬಿ ಅಂದ್ರ ಖಾಲಿ ಡಬ್ಬಿ, ಅಷ್ಟ. ಅದಕ್ಕ ಅರ್ಥ ಹಚ್ಚಬ್ಯಾಡ" ಅಂದಳು. ಆ ಮಾತನ್ನು ನಾನು ಅಂದೇ ಗಂಟು ಹಾಕಿಕೊಳ್ಳಬೇಕಿತ್ತು.

ಸುಧಾ ಏನು ಓದುತ್ತಾಳೆ ಎಂದು ಊರಲ್ಲಿ ಕೇಳಿದವರಿಗೆ ನಾನು "ಆಫ್ರಿಕಾ" ಎಂದು ಹೇಳಿ ಪಾರಾಗುತ್ತಿದ್ದೆ. ಇಲ್ಲಿ ಬಂದ ಮೇಲೆ ಅವಳೇ ಬಿಡಿಸಿ ಹೇಳಿದಳು. ಆಫ್ರಿಕದ ದೇಶಗಳು ಸ್ವತಂತ್ರವಾದ ಹೊಸದರಲ್ಲಿ ವರ್ಷ ವರ್ಷವೂ ವರದಿ ಬರುತ್ತಿದ್ದವಂತೆ: ಯಾವ ಜಿಲ್ಲೆಯಲ್ಲಿ ಎಷ್ಟು ಮೆಕ್ಕೆಜೋಳ, ಎಷ್ಟು ದನ, ಎಷ್ಟು ಜನ. ಆ ಅಂಕಿಗಳನ್ನು ಕೂಡಿಸಿ ಕಳೆದು, ಈ ದೇಶ ಮುಂದುವರಿಯಿತು, ಆ ದೇಶ ಹಿಂದೆ ಬಿತ್ತು ಎಂದು ದೊಡ್ಡವರು ತೀರ್ಮಾನ ಮಾಡುತ್ತಾರಂತೆ. ಸುಧಾ ಕೇಳುವ ಪ್ರಶ್ನೆ ಒಂದೇ: ಮೊದಲಿಗೆ ಈ ಅಂಕಿ ಬರೆದವರು ಯಾರು, ಅವರು ಎಣಿಸಿದ್ದರೇ?

"ಇಷ್ಟು ಕೇಳಾಕ ಜರ್ಮನಿತನಾ ಬಂದಿಯೇನು? ಇದನ್ನ ನಾನೂ ಕೇಳತಿದ್ನಲ್ಲ" ಅಂದೆ.

"ಕೇಳತಿದ್ದಿ, ಉತ್ತರಾನೂ ನೀನ ಹೇಳಿ ಮುಗಸತಿದ್ದಿ" ಅಂದಳು.

ಅವಳು ಅಲ್ಲಿಯ ಒಂದು ದೇಶಕ್ಕೆ ಹೋಗಿ, ತಿಂಗಳುಗಟ್ಟಲೆ ಧೂಳು ಕುಡಿದು, ಹಳೆಯ ವರದಿಗಳ ಜೆರಾಕ್ಸ್ ಪ್ರತಿಗಳನ್ನು ಪೆಟ್ಟಿಗೆ ತುಂಬ ತಂದಿದ್ದಳು. ಅವನ್ನೆಲ್ಲ ಕಂಪ್ಯೂಟರಿಗೆ ಏರಿಸಬೇಕು. ಅಷ್ಟರಲ್ಲಿ ಡಾಕ್ಟರು, ಬಿ.ಪಿ. ಹೆಚ್ಚಿದೆ, ಎಡಮಗ್ಗುಲಾಗಿ ಮಲಗಿಯೇ ಇರಬೇಕು ಎಂದರು. ಹೆರಿಗೆಗೆ ಮೊದಲು ಪ್ರೊಫೆಸರರ ಮುಂದೆ ಸೆಮಿನಾರು ಕೊಡಬೇಕು, ಕೊಟ್ಟರೆ ಆ ವರ್ಷವೇ ಪ್ರಬಂಧ ಮುಗಿಯುತ್ತದೆ, ಇಲ್ಲವಾದರೆ ಕೂಸಿನ ಕೈಗೆ ಸಿಕ್ಕಿ ಎಲ್ಲಿಗೆ ಹೋಗಿ ನಿಲ್ಲುತ್ತದೋ ಗೊತ್ತಿಲ್ಲ. ಮಲಗಿದಲ್ಲೇ ಅಳತೊಡಗಿದಳು. ನನಗೆ ಇಂಗ್ಲಿಷ್ ಬಾರದಿದ್ದರೂ ಅಂಕಿ ಬರುತ್ತದಲ್ಲ! "ನಾ ಹಾಕತೀನಿ ಕೊಡು" ಎಂದೆ. ಕೀಲಿಮಣೆಯ ಬಲಗಡೆ ಹತ್ತು ಅಂಕಿಗಳು ಒಟ್ಟಿಗೇ ಇವೆ ಎಂದು ತಿಳಿದ ಮೇಲೆ ಎರಡೇ ದಿನಕ್ಕೆ ಕೈ ಹರಿಯಿತು. ಅಡ್ಡಸಾಲು ಜಿಲ್ಲೆ, ಉದ್ದಸಾಲು ವರ್ಷ. ಅವೆರಡು ಕೂಡಿದಲ್ಲಿ ಇರುವ ಚೌಕಕ್ಕೆ ನಾನು ಚೌಕಾಬಾರಾದ ಹಾಗೆ "ಮನೆ" ಎಂದು ಹೆಸರಿಟ್ಟೆ.

"ಓದಾಕ ಬರಲಿಲ್ಲಂದ್ರ ಆ ಮನಿ ಖಾಲಿ ಬಿಡು" ಎಂದು ಅವಳು ಒಂದಲ್ಲ, ಮೂರು ಸಲ ಹೇಳಿದ್ದಳು. ನಾನು ಕೇಳಿಸಿಕೊಂಡಿದ್ದೆ. ಇದನ್ನು ಮುಚ್ಚಿಡುವುದಿಲ್ಲ.

ಮೊದಲ ದಿನ ಬಿಟ್ಟೆ ಕೂಡ. ಆದರೆ ಕೆಲಸ ಮಾಡುತ್ತ ಮಾಡುತ್ತ ಆ ಜಿಲ್ಲೆಗಳು ನನಗೆ ಗುರುತಿನವಾದವು. ಮೂರನೆಯದು ಸ್ಥಿತಿವಂತ ಜಿಲ್ಲೆ, ಮೆಕ್ಕೆಜೋಳ ರಾಶಿ ರಾಶಿ. ಏಳನೆಯದರಲ್ಲಿ ಒಂದು ವರ್ಷ ದನಗಳೆಲ್ಲ ಕುಸಿದುಬಿದ್ದಿದ್ದವು. ಬರವೋ ರೋಗವೋ ಎಂದು ಅಡುಗೆ ಮಾಡುವಾಗಲೂ ಅದೇ ಚಿಂತೆ. ಅಲ್ಲಿ ಎಮ್ಮೆಗಳ ಲೆಕ್ಕವೇ ಇಲ್ಲವಲ್ಲ ಎಂದು ಕೇಳಿದಾಗ, ಅಲ್ಲಿಯವರು ಎಮ್ಮೆ ಸಾಕುವುದಿಲ್ಲ ಎಂದಳು ಸುಧಾ. ಹಾಗಾದರೆ ಅವರು ಚಹಾಕ್ಕೆ ಯಾವ ಹಾಲು ಹಾಕುತ್ತಾರೆ, ಮೊಸರು ಹೇಗಿರುತ್ತದೆ ಎಂದು ಇಡೀ ಒಂದು ಬೆಳಗು ಯೋಚಿಸಿದೆ. ಹನ್ನೊಂದನೆಯದೇ ಪಾಪದ ಜಿಲ್ಲೆ. ಅದರ ಹಾಳೆಗಳಿಗೆ ಗೆದ್ದಲು ಹತ್ತಿತ್ತು. ಜೆರಾಕ್ಸಿನಲ್ಲಿ ಅಂಕಿಯ ಜಾಗದಲ್ಲಿ ಕಪ್ಪು ಮಚ್ಚೆಗಳು. ಎಲ್ಲರ ತಾಟು ತುಂಬಿರುವಾಗ ಅದೊಂದೇ ಸಾಲು ಬರೀ ತಾಟು ಮುಂದಿಟ್ಟುಕೊಂಡು ಕೂತಹಾಗೆ ಕಾಣುತ್ತಿತ್ತು. ಅದರ ಒಂದು ಮನೆಯನ್ನು ನಾನೇ ತುಂಬಿದೆ. ಆಮೇಲೆ ಇನ್ನೊಂದು.

ಬರೀ ಅಂದಾಜಿಗೆ ತುಂಬಿದೆ ಎಂದು ನೀವು ತಿಳಿಯಬೇಡಿ. ನನಗೂ ಒಂದು ಶಾಸ್ತ್ರವಿತ್ತು. ಶಾಲೆ ಬಿಟ್ಟ ಹೊಸದರಲ್ಲಿ ನಮ್ಮ ಓಣಿಗೆ ದನಗಣತಿಯ ಗುಮಾಸ್ತರು ಬಂದಿದ್ದರು. ಬಿಸಿಲಿಗೆ ಬೆವೆತು ನಮ್ಮ ಕಟ್ಟೆಯ ಮೇಲೆ ಕೂತರು. ನಾನು ಮಜ್ಜಿಗೆ ಕೊಟ್ಟೆ. ಅವರು ಗ್ಲಾಸು ಕೆಳಗಿಟ್ಟು, "ತಂಗಿ, ನಿಮ್ಮ ಓಣ್ಯಾಗ ದನಾ ಎಷ್ಟವ?" ಎಂದರು. ಬೆರಳು ಮಡಚಿ ಹೇಳಿದೆ. ಆಚೆ ಓಣಿಯದು ಕೇಳಿದರು, ಅದನ್ನೂ ಹೇಳಿದೆ. ಕೆರೆ ಆಚೆಯ ದೊಡ್ಡಿಯನ್ನು ನಾನು ನೋಡಿಯೇ ಇರಲಿಲ್ಲ, ಅದನ್ನೂ ಹೇಳಿದೆ. ಅವರು ಹಳೆಯ ಪುಸ್ತಕ ತೆಗೆದು ನೋಡಿ, "ಹೋದ ಸಲಕ್ಕಿಂತ ಕಡಿಮಿ ಆತಲ್ಲವಾ. ಕಡಿಮಿ ಆದ್ರ ಸಾಹೇಬ್ರು ಯಾಕಂತ ಕೇಳತಾರ. ಚೂರು ಹೆಚ್ಚಾದ್ರ ಯಾರೂ ಕೇಳೂದಿಲ್ಲ" ಎಂದರು. ಇಬ್ಬರೂ ಕೂಡಿ ಚೂರು ಹೆಚ್ಚು ಮಾಡಿದೆವು. ನನ್ನ ಜೀವನದಲ್ಲಿ ಅಂಕಿಸಂಖ್ಯೆಯ ಬಗ್ಗೆ ನಡೆದ ಪಾಠ ಅದೊಂದೇ. ಅದನ್ನು ಬಾನ್ ಊರಿನಲ್ಲಿ ಚೆನ್ನಾಗಿಯೇ ಬಳಸಿಕೊಂಡೆ: ಹಿಂದಿನ ವರ್ಷದ್ದು ನೋಡು, ಚೂರು ಹೆಚ್ಚು ಹಾಕು.

ಕೆಲಸ ಮುಗಿದ ಮೇಲೆ ಸುಧಾ ತೊಡೆಯ ಮೇಲೆ ದಿಂಬು, ದಿಂಬಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅಂಕಿಗಳಿಂದ ಗೆರೆ ಎಳೆದಳು. ಅಷ್ಟು ಹಾಳೆಗಳಲ್ಲಿ ಗೆದ್ದಲು ತಿಂದದ್ದು ಯಾವ ಜಿಲ್ಲೆಯದು ಎಂದು ಅವಳಿಗೆ ನೆನಪಿರಲಿಲ್ಲವೇನೋ. ಸ್ವಲ್ಪ ಹೊತ್ತಿಗೆ ಕೂಗು ಕೇಳಿಸಿತು. ಹೆರಿಗೆ ನೋವೇ ಬಂತೆಂದು ಸೌಟು ಹಿಡಿದುಕೊಂಡೇ ಓಡಿದೆ.

"ಅಕ್ಕಾ, ನೋಡಿಲ್ಲೆ! ಹನ್ನೊಂದನೇ ಜಿಲ್ಲಾ! ಬರಾ ಬಂದ್ರೂ ಏರೇತಿ, ರೋಗಾ ಬಂದ್ರೂ ಏರೇತಿ. ಹಿಂಗ ಮೆಟ್ಟಲಾ ಹತ್ತಿದಂಗ ಯಾವ ದನಾ ಹೆಚ್ಚತಾವ? ಯಾರೂ ಎಣಿಸಿಲ್ಲ. ಯಾವನೋ ಗುಮಾಸ್ತ ಫ್ಯಾನಿನ ಕೆಳಗ ಕುಂತು ದನಾ ಹಡಿಸ್ಯಾನ!"

ಅವಳ ಮುಖದಲ್ಲಿ ಅಂಥ ಕಳೆಯನ್ನು ನಾನು ಅವಳ ಮದುವೆಯಲ್ಲೂ ನೋಡಿರಲಿಲ್ಲ. ಇಷ್ಟು ವರ್ಷ ಹುಡುಕಿದ ಪುರಾವೆ ಇದೇ, ಸೆಮಿನಾರಿನಲ್ಲಿ ಮೊದಲು ಇದನ್ನೇ ತೋರಿಸುತ್ತೇನೆ ಎಂದಳು. ಆ ಗುಮಾಸ್ತನ ಮೇಲೆ ಅವಳಿಗೆ ಪ್ರೀತಿಯೇ ಹುಟ್ಟಿಬಿಟ್ಟಿತ್ತು. "ಅವಾ ಹೆಂಗಿದ್ದಾನು? ಯಾಕ ಹಂಗ ಮಾಡಿದ್ದಾನು? ಒಂದ್ಸಲ ಸಿಕ್ಕಿದ್ರ ಕೇಳತಿದ್ದೆ" ಎನ್ನುತ್ತ ಕಿಟಕಿಯಾಚೆ ನೋಡಿದಳು. ಸೌಟಿನಿಂದ ಸಾರು ಅವಳ ಕಾರ್ಪೆಟ್ಟಿನ ಮೇಲೆ ತೊಟ್ಟಿಕ್ಕುತ್ತಿತ್ತು.

ಮೂರು ದಿನ ನಾನು ಬಾಯಿ ಬಿಡಲಿಲ್ಲ. ತಪ್ಪು ಮಾಡಿದಾಗ ನನ್ನ ಕೈ ಅಡುಗೆಯ ಕಡೆ ಹೋಗುತ್ತದೆ. ಮೊದಲ ದಿನ ಹೋಳಿಗೆ, ಎರಡನೇ ದಿನ ಎಣ್ಣೆಗಾಯಿ ಮತ್ತು ಕಡುಬು, ಮೂರನೇ ದಿನ ಎರಡು ಥರದ ಚಿತ್ರಾನ್ನ. ಗಿರೀಶ ಆಫೀಸಿನಿಂದ ಬಂದು ಮೇಜು ನೋಡಿ, "ಅಕ್ಕಾರ, ಇದು ಯಾವ ಹಬ್ಬ ಅಂತ ಹೇಳ್ರಿ, ನಾಳೆ ಸೂಟಿನರ ಕೇಳತೀನಿ" ಎಂದ. ಪ್ರೊಫೆಸರರಿಗೆ ಹೇಗೂ ತಿಳಿಯುವುದಿಲ್ಲ, ಆಫ್ರಿಕದ ದನಗಳು ಬಂದು ಸಾಕ್ಷಿ ಹೇಳುವುದಿಲ್ಲ ಎಂದು ಒಂದು ಮನಸ್ಸು. ಯಾರಾದರೂ ಮೂಲ ಹಾಳೆ ತೆಗೆದು ನೋಡಿದರೆ ನನ್ನ ತಂಗಿಯೇ ಸುಳ್ಳಿ ಎನ್ನಿಸಿಕೊಳ್ಳುತ್ತಾಳೆ ಎಂದು ಇನ್ನೊಂದು. ಸುಳ್ಳು ಅಂಕಿ ಬರೆದವರನ್ನು ಹಿಡಿಯಲು ಹೊರಟವಳು ಸುಳ್ಳು ಅಂಕಿ ತೋರಿಸಿದಳು ಎಂದರೆ ಮುಂದೆ ಅವಳ ಮಾತನ್ನು ಕೇಳುವವರು ಯಾರು?

ಸೆಮಿನಾರಿನ ಬೆಳಿಗ್ಗೆ. ಎರಡು ಗಂಟೆಯ ಮಟ್ಟಿಗೆ ಹೋಗಿಬರಲು ಡಾಕ್ಟರು ಒಪ್ಪಿದ್ದರು. ಹೊಟ್ಟೆ ಅಡ್ಡ ಬರುತ್ತದೆಂದು ಅವಳ ಬೂಟಿನ ಲೇಸು ಕಟ್ಟುವುದು ನನ್ನ ಕೆಲಸ. ಬಾಗಿಲ ಬಳಿ ಮಂಡಿಯೂರಿ ಕೂತೆ. ತಂಗಿಯ ಮುಖ ನೋಡಿ ಹೇಳುವ ಧೈರ್ಯ ಇರಲಿಲ್ಲ, ಬೂಟಿಗೆ ಹೇಳಿದೆ.

"ಆ ಗುಮಾಸ್ತ ನಾನ."

"ಯಾವ ಗುಮಾಸ್ತ?"

"ಹನ್ನೊಂದನೇ ಜಿಲ್ಲಾದವ. ದನಾ ಹಡಿಸಿದವ."

ಬಲಗಾಲಿನ ಲೇಸು ಕಟ್ಟಿ ಮುಗಿಸಿದೆ. "ಬಿಚ್ಚು" ಎಂದಳು. ಎರಡೂ ಬೂಟು ಬಿಚ್ಚಿದೆ. ಒಳಗೆ ಹೋಗಿ ಪ್ರೊಫೆಸರರಿಗೆ ಫೋನ್ ಮಾಡಿದಳು. ಜರ್ಮನ್ ನನಗೆ ಅರ್ಥವಾಗದು, ಆದರೆ ಶ್ವೆಸ್ಟರ್ ಎಂದರೆ ಒಡಹುಟ್ಟಿದವಳು ಎಂಬಷ್ಟು ಗೊತ್ತಿತ್ತು. ಆ ಮಾತು ಎರಡು ಸಲ ಬಂತು. ಸೆಮಿನಾರು ರದ್ದಾಯಿತು. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. "ನಾನು ಹೋಗಿಬಿಡ್ತೀನವಾ ಊರಿಗೆ" ಎಂದೆ. "ಬಾಣಂತನಾ ಯಾರು ಮಾಡತಾರ, ಪ್ರೊಫೆಸರೇನು?" ಎಂದಳು ಗೋಡೆಗೆ. ಅಷ್ಟು ಸಿಟ್ಟಿನಲ್ಲೂ ನನ್ನನ್ನು ಬಿಟ್ಟುಕೊಡಲಿಲ್ಲ ಎಂದು ನನಗೆ ಅಳು ಬಂತು.

ಮಧ್ಯಾಹ್ನ ಊಟದ ಹೊತ್ತಿಗೆ ಒಂದು ನೋಟ್‌ಬುಕ್ಕು ಹಿಡಿದು ತಾನೇ ಅಡುಗೆಮನೆಗೆ ಬಂದಳು. ಮುಖ ಇನ್ನೂ ಬಿಗಿದೇ ಇತ್ತು, ಆದರೆ ಕಣ್ಣಲ್ಲಿ ಬೇರೇನೋ ಇತ್ತು. ಚಿಕ್ಕವಳಿದ್ದಾಗ ಗಡಿಯಾರ ಬಿಚ್ಚಿ ಕೂತಾಗ ಹೀಗೆಯೇ ನೋಡುತ್ತಿದ್ದಳು.

"ಹೆಂಗ ತುಂಬಿಸಿದಿ? ಮೊದಲಿಂದ ಹೇಳು."

ದನಗಣತಿಯ ಕಥೆಯಿಂದ ಹಿಡಿದು ಎಲ್ಲ ಹೇಳಿದೆ. ಅವಳು ಬರೆದುಕೊಂಡಳು. ಕಡಿಮೆ ಯಾಕೆ ಹಾಕಲಿಲ್ಲ, ಚೂರು ಎಂದರೆ ಎಷ್ಟು, ಹಾಕುವಾಗ ಏನನ್ನಿಸಿತು ಎಂದು ಕೆದಕಿ ಕೆದಕಿ ಕೇಳಿದಳು. "ಪಾಪ ಅನ್ನಿಸ್ತು" ಎಂದಾಗ ಪೆನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. "ಯಾರ ಮ್ಯಾಲ?" "ಜಿಲ್ಲಾದ ಮ್ಯಾಲ." ನಗು ತಡೆಯಲು ನೋಡಿದಳು, ಆಗಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕಳು, ನಕ್ಕು ಮತ್ತೆ ಸ್ವಲ್ಪ ಅತ್ತಳು.

ಕೂಸು ಹುಟ್ಟುವವರೆಗೆ ನಮಗೆ ಅದೇ ಕೆಲಸ. ಜೆರಾಕ್ಸ್ ಹಾಳೆ ಒಂದು ಕಡೆ, ನನ್ನ ಅಂಕಿಗಳ ಪ್ರಿಂಟು ಇನ್ನೊಂದು ಕಡೆ, ಕೈಯಲ್ಲಿ ಮೂರು ಬಣ್ಣದ ಪೆನ್ಸಿಲು: ಓದಿ ಹಾಕಿದ್ದಕ್ಕೆ ನೀಲಿ, ನಾನೇ ತುಂಬಿದ್ದಕ್ಕೆ ಕೆಂಪು, ನೆನಪಿಲ್ಲದ್ದಕ್ಕೆ ಹಳದಿ. ಕೆಂಪು ಮತ್ತು ಹಳದಿಯ ಮನೆಗಳನ್ನು ಸುಧಾ ಅಳಿಸಿ ಖಾಲಿ ಬಿಟ್ಟಳು. ಗೆರೆ ಹಲ್ಲು ಬಿದ್ದ ಬಾಯಿಯ ಹಾಗಾಯಿತು. ಆದರೆ ನಡುವೆ ಒಂದು ಸೋಜಿಗ ನಡೆಯಿತು. ಐದನೇ ಜಿಲ್ಲೆಯ ಹಾಳೆ ಸ್ವಚ್ಛವಾಗಿತ್ತು, ಎಲ್ಲ ನೀಲಿ, ಅಲ್ಲಿ ನನ್ನ ಕೈವಾಡ ಏನೇನೂ ಇಲ್ಲ. ಆದರೂ ಆ ಅಂಕಿಗಳನ್ನು ಮತ್ತೆ ನೋಡುತ್ತಿದ್ದ ಹಾಗೆ ನನಗೆ ಯಾರೋ ಬಂಧುಗಳನ್ನು ಕಂಡಂತಾಯಿತು. "ಸುಧಾ, ಇವನೂ ಎಣಿಸಿಲ್ಲ" ಎಂದೆ. "ಹೆಂಗ ಹೇಳತಿ?" "ನಾನೂ ಹಿಂಗ ಹಾಕತಿದ್ದೆ." ಅವಳು ಆ ಗೆರೆ ಎಳೆದು ಬಹಳ ಹೊತ್ತು ನೋಡಿದಳು. "ಇರಬಹುದು. ಖರೆ ಅಂತ ಬರಿಯಾಕ ನೀ ಹೇಳಿದ್ದು ಸಾಲೂದಿಲ್ಲಕ್ಕಾ" ಎಂದಳು. ಆದರೆ ಪುಟದ ಅಂಚಿನಲ್ಲಿ ಏನೋ ಗುರುತು ಹಾಕಿಕೊಂಡಳು.

ಕೂಸು ಹುಟ್ಟಿತು, ಹೆಣ್ಣು. ಪ್ರಬಂಧ ಒಂದು ವರ್ಷಕ್ಕೂ ಹೆಚ್ಚು ತಡವಾಯಿತು, ಅದು ನನ್ನ ದೆಸೆಯಿಂದ. ಹನ್ನೊಂದನೇ ಜಿಲ್ಲೆಯನ್ನು ಅವಳು ಪೂರ್ತಿ ಕೈಬಿಟ್ಟಳು. ಐದನೆಯದರ ಬಗ್ಗೆ ಎಚ್ಚರಿಕೆಯಿಂದ ಎರಡು ಪುಟ ಬರೆದಳು. ಅಚ್ಚಾದ ಮೇಲೆ ಒಂದು ಪ್ರತಿ ಊರಿಗೆ ಕಳಿಸಿದಳು. ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ, ಕಾಲೇಜಿನ ಹುಡುಗಿಯೊಬ್ಬಳಿಂದ ಓದಿಸಿದೆ. ಒಂದು ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ, ಅಂಕಿ ಏರಿಸಿದ ಸಹಾಯಕರು ಇಷ್ಟು ಮನೆಗಳನ್ನು ತಾವೇ ಊಹಿಸಿ ತುಂಬಿದ್ದಾಗಿ ಒಪ್ಪಿದ್ದಾರೆ, ಅವನ್ನೆಲ್ಲ ತೆಗೆಯಲಾಗಿದೆ ಎಂದು ಬರೆದು, ಎಷ್ಟು ಎಂಬ ಸಂಖ್ಯೆಯನ್ನೂ ಕೊಟ್ಟಿದ್ದಾಳೆ. ನನ್ನ ಕೆಂಪು ಪೆನ್ಸಿಲಿನ ಗುರುತುಗಳನ್ನು ಒಂದೊಂದಾಗಿ ಎಣಿಸಿ ಬರೆದ ಸಂಖ್ಯೆ ಅದು. ಅವಳು ಎಣಿಸಿದ್ದರಲ್ಲಿ ತಪ್ಪಿಲ್ಲ.

ಒಂದು ಮಾತು ಮಾತ್ರ ಅವಳಿಗೆ ಇನ್ನೂ ಹೇಳಿಲ್ಲ. ಹನ್ನೊಂದನೇ ಜಿಲ್ಲೆಗೆ ಗುರುತು ಹಾಕುವಾಗ ನೀಲಿ ಪೆನ್ಸಿಲಿಗಿಂತ ಕೆಂಪು ಬೇಗ ಸವೆಯುತ್ತ ಬಂದು ನನಗೆ ಬಹಳ ನಾಚಿಕೆಯಾಯಿತು. ಅವಳು ಹುಟ್ಟಲಿರುವ ಕೂಸಿನ ಕನಸು ಕಾಣುತ್ತ ಆ ಕಡೆ ತಿರುಗಿದಾಗಲೆಲ್ಲ, ಕೆಂಪು ಹಾಕಬೇಕಾದ ಕೆಲವು ಮನೆಗಳಿಗೆ ಹಳದಿ ಹಾಕಿದೆ. ಅವೂ ಖಾಲಿಯಾದವು, ಪ್ರಬಂಧಕ್ಕೆ ಏನೂ ಧಕ್ಕೆಯಿಲ್ಲ. ನನ್ನ ತಪ್ಪಿನ ಲೆಕ್ಕ ಸ್ವಲ್ಪ ಇಳಿಯಿತು, ಅಷ್ಟೇ. ಹಾಗೆ ಎಷ್ಟಕ್ಕೆ ಹಾಕಿದೆ ಎಂದು ದಯವಿಟ್ಟು ನನ್ನನ್ನು ಕೇಳಬೇಡಿ. ಕೇಳಿದರೆ ಏನಾದರೊಂದು ಹೇಳಿಬಿಡುತ್ತೇನೆ.